ಸೇಲ್ ದಿನದ ನೂಕುನುಗ್ಗಲು ಎಲ್ಲಿಂದ ಬರುತ್ತದೆ?

ರಜೆಯ ದಿನದ ದೊಡ್ಡ ಸೇಲ್ ಅಂದರೆ ಸಾಕು, ಚಿತ್ರ ಕಣ್ಣ ಮುಂದೆ ಬರುತ್ತದೆ. ಬಾಗಿಲು ತೆಗೆಯುವ ಮೊದಲೇ ಹೊರಗೆ ಉದ್ದದ ಸಾಲು. ಒಳಗೆ ಕಾಲಿಡಲು ಜಾಗವಿಲ್ಲ. ಟ್ರಯಲ್ ರೂಮ್ ಮುಂದೆ ಒಂದು ಕ್ಯೂ, ಬಿಲ್ಲಿಂಗ್ ಕೌಂಟರ್ ಮುಂದೆ ಇನ್ನೊಂದು ಕ್ಯೂ, ಎರಡೂ ಕದಲುವುದಿಲ್ಲ. ಒಬ್ಬರ ಕೈಯಲ್ಲಿರುವ ಪೆಟ್ಟಿಗೆಯನ್ನು ಇನ್ನೊಬ್ಬರು ಎಳೆಯುವ ವಿಡಿಯೊ ಸಂಜೆಗೆ ಎಲ್ಲರ ಫೋನಿಗೂ ಬಂದಿರುತ್ತದೆ. ನೋಡಿದವರು "ಈ ಜನಕ್ಕೆ ಎಷ್ಟು ಆಸೆ ನೋಡಿ" ಅಂದುಬಿಡುತ್ತಾರೆ.

ಈ ಮಾತು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಆ ಸಾಲಿನಲ್ಲಿ ನಿಂತವರಲ್ಲಿ ಎಷ್ಟೋ ಜನ ಮನೆಗೆ ನಿಜವಾಗಿ ಬೇಕಾದ ಒಂದು ವಸ್ತುವಿಗಾಗಿ ತಿಂಗಳುಗಟ್ಟಲೆ ಕಾದಿರುತ್ತಾರೆ. ಬೇರೆ ದಿನ ಆ ಬೆಲೆ ಅವರ ಕೈಗೆ ಎಟುಕುವುದಿಲ್ಲ. ಅದರಲ್ಲಿ ತಪ್ಪೇನಿದೆ? ಮಾಲು ಎಷ್ಟು ಇಡಬೇಕು, ಆಫರ್ ಎಷ್ಟು ಹೊತ್ತು ಇರಬೇಕು, ಬಾಗಿಲು ಹೇಗೆ ತೆಗೆಯಬೇಕು, ಎಷ್ಟು ಕೌಂಟರ್ ನಡೆಸಬೇಕು ಎಂದು ಯಾರೋ ಮೊದಲೇ ತೀರ್ಮಾನಿಸಿರುತ್ತಾರೆ. ನೂಕುನುಗ್ಗಲಿನ ಬಹುಪಾಲು ಆ ತೀರ್ಮಾನಗಳಿಂದಲೇ ಬರುತ್ತದೆ. ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುವ ಆ ಒಂದು ವಸ್ತುವನ್ನು ತೆಗೆದುಕೊಳ್ಳಿ. ಅದು ಟಿವಿ ಇರಬಹುದು, ಫೋನ್ ಇರಬಹುದು. ಅದರ ಮೇಲೆ ಅಂಗಡಿಗೆ ಲಾಭ ಇರುವುದಿಲ್ಲ, ಕೆಲವೊಮ್ಮೆ ಕೈಯಿಂದಲೇ ಹೋಗುತ್ತದೆ. ಅಂಗಡಿಯ ಲೆಕ್ಕ ಬೇರೆ ಇದೆ. ಅದಕ್ಕಾಗಿ ಬಂದವರು ಬರಿಗೈಯಲ್ಲಿ ಹೋಗುವುದಿಲ್ಲ, ಸಾಮಾನ್ಯ ಬೆಲೆಯ ಇನ್ನು ನಾಲ್ಕು ಸಾಮಾನು ಕೊಂಡೇ ಕೊಳ್ಳುತ್ತಾರೆ, ಲಾಭ ಅಲ್ಲಿ ಬರುತ್ತದೆ. ಹೀಗೆ ನಷ್ಟಕ್ಕೆ ಮಾರಿ ಗಿರಾಕಿ ಸೆಳೆಯುವುದು ಹಳೆಯ ವ್ಯಾಪಾರ. ಫ್ರಾನ್ಸ್ ಇದನ್ನು 1963ರ ಕಾನೂನಿನಲ್ಲೇ ನಿಷೇಧಿಸಿತು. ಸರ್ಕಾರ ಗೊತ್ತುಮಾಡಿದ ಸೇಲ್ ಅವಧಿಯಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಅಲ್ಲಿ ವಿನಾಯಿತಿ.

ನಷ್ಟಕ್ಕೆ ಮಾರುವ ಮಾಲನ್ನು ಯಾರೂ ರಾಶಿ ಹಾಕುವುದಿಲ್ಲ ಅಲ್ವಾ? ಹಾಗಾಗಿ ಸ್ಟಾಕ್ ಸ್ವಲ್ಪವೇ ಇರುತ್ತದೆ. ಅದರ ಮೇಲೆ "ಮೊದಲು ಬಂದವರಿಗೆ ಮಾತ್ರ" ಎಂಬ ಷರತ್ತು. ಒಂದು ನಿಗದಿತ ಗಂಟೆಗೆ ಬಾಗಿಲು ತೆಗೆಯುತ್ತೇವೆ ಎಂಬ ಪ್ರಕಟಣೆ. ಈ ಮೂರು ಸೇರಿದರೆ ಅದು ಓಟದ ಸ್ಪರ್ಧೆಯೇ. ಸ್ಪರ್ಧೆ ಏರ್ಪಡಿಸಿ, ಆಮೇಲೆ ಜನ ಯಾಕೆ ಓಡಿದರು ಅಂತ ಕೇಳುವುದು ನ್ಯಾಯವಲ್ಲ.

ಕಡಿಮೆ ಇರುವ ವಸ್ತು ಮನಸ್ಸನ್ನು ಹೇಗೆ ಎಳೆಯುತ್ತದೆ ಎನ್ನುವುದಕ್ಕೆ 1975ರ ಒಂದು ಪ್ರಯೋಗ ಇದೆ. ಮನೋವಿಜ್ಞಾನಿ ಸ್ಟೀಫನ್ ವೋರ್ಚೆಲ್ ಮತ್ತು ಸಂಗಡಿಗರು ಕೆಲವರಿಗೆ 10 ಬಿಸ್ಕತ್ತು ಇದ್ದ ಜಾಡಿ ಕೊಟ್ಟರು, ಕೆಲವರಿಗೆ 2 ಬಿಸ್ಕತ್ತು ಇದ್ದ ಜಾಡಿ ಕೊಟ್ಟರು. ಬಿಸ್ಕತ್ತು ಒಂದೇ. ಆದರೂ 2 ಇದ್ದ ಜಾಡಿಯ ಬಿಸ್ಕತ್ತೇ ಜನರಿಗೆ ಹೆಚ್ಚು ಬೇಕೆನಿಸಿತು, ಹೆಚ್ಚು ಬೆಲೆಯದು ಎನಿಸಿತು. ಕಣ್ಣೆದುರೇ 10 ಇದ್ದದ್ದು 2ಕ್ಕೆ ಇಳಿದಾಗ ಆಸೆ ಇನ್ನೂ ಏರಿತು. ಬೇರೆಯವರು ತೆಗೆದುಕೊಂಡಿದ್ದರಿಂದ ಕಡಿಮೆಯಾಯಿತು ಎಂದು ಗೊತ್ತಾದಾಗ ಮತ್ತೂ ಜಾಸ್ತಿ. ಅದರ ರುಚಿ ಹೆಚ್ಚು ಅಂತ ಮಾತ್ರ ಅವರು ಹೇಳಲಿಲ್ಲ. ಸೇಲ್ ದಿನದ ಅಂಗಡಿ ಈ ಜಾಡಿಯೇ. ಕಪಾಟು ಕಣ್ಣೆದುರು ಖಾಲಿಯಾಗುತ್ತದೆ, ಖಾಲಿ ಮಾಡುವವರೂ ಕಣ್ಣೆದುರೇ ಇರುತ್ತಾರೆ. ಆಗ ಕೈ ತಾನಾಗಿ ಮುಂದೆ ಹೋಗುತ್ತದೆ.

ಈಗ ಬೆಲೆಯ ಚೀಟಿಗೆ ಬರೋಣ. ಹಳೆಯ ಬೆಲೆಗೆ ಒಂದು ಗೀಟು, ಪಕ್ಕದಲ್ಲಿ ಹೊಸ ಬೆಲೆ. ಆ ಗೀಟು ಹಾಕಿದ ಸಂಖ್ಯೆ ಸುಮ್ನೆ ಅಲ್ಲಿರುವುದಿಲ್ಲ. 1974ರಲ್ಲಿ ಮನೋವಿಜ್ಞಾನಿಗಳಾದ ಅಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ ಒಂದು ಪ್ರಯೋಗದ ಬಗ್ಗೆ ಬರೆದರು. ಅದರಲ್ಲಿ ಜನರ ಮುಂದೆ ಒಂದು ಚಕ್ರ ತಿರುಗಿಸುತ್ತಿದ್ದರು. ಅದು 10ರಲ್ಲಿ ಅಥವಾ 65ರಲ್ಲಿ ಮಾತ್ರ ನಿಲ್ಲುವಂತೆ ಮೊದಲೇ ಸಜ್ಜು ಮಾಡಿದ್ದರು. ಆಮೇಲೆ ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟಿವೆ ಅಂತ ಕೇಳಿದರು. 10 ನೋಡಿದವರ ಅಂದಾಜು ಸುಮಾರು 25 ಇತ್ತು. 65 ನೋಡಿದವರದು ಸುಮಾರು 45. ಚಕ್ರಕ್ಕೂ ಆಫ್ರಿಕಾಕ್ಕೂ ಸಂಬಂಧವೇ ಇಲ್ಲ. ಆದರೂ ಮೊದಲು ಕಂಡ ಸಂಖ್ಯೆ ತೀರ್ಮಾನವನ್ನು ತನ್ನ ಕಡೆ ಎಳೆಯಿತು. ಸಂಬಂಧವೇ ಇಲ್ಲದ ಸಂಖ್ಯೆಗೆ ಇಷ್ಟು ಬಲ ಇದ್ದರೆ, ಅದೇ ವಸ್ತುವಿನ ಮೇಲೆ ಅಂಟಿಸಿದ ಸಂಖ್ಯೆಗೆ ಎಷ್ಟಿರಬೇಡ?

ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1985ರಲ್ಲಿ ಇದರ ಇನ್ನೊಂದು ಮುಖ ತೋರಿಸಿದರು. ನಾವು ಏನಾದರೂ ಕೊಂಡಾಗ ನಮಗೆ ಎರಡು ಬಗೆಯ ಸಂತೋಷ ಸಿಗುತ್ತದೆ. ವಸ್ತು ಸಿಕ್ಕ ಸಂತೋಷ ಒಂದು. ಒಳ್ಳೆ ರೇಟಿಗೆ ಸಿಕ್ಕಿತು ಎಂಬ ಸಂತೋಷ ಇನ್ನೊಂದು. ಸೇಲ್ ದಿನ ಎರಡನೆಯದು ಎಷ್ಟು ದೊಡ್ಡದಾಗುತ್ತದೆ ಅಂದರೆ, ಮೊದಲನೆಯದು ಇದೆಯೋ ಇಲ್ಲವೋ ಅಂತ ನೋಡುವುದೇ ಮರೆತುಹೋಗುತ್ತದೆ. ಮನೆಯಲ್ಲಿ ಚೀಟಿ ಕೀಳದೆ ಬಿದ್ದಿರುವ ಬಟ್ಟೆಗಳ ಹಿಂದೆ ಇರುವುದು ಇದೇ. ಈ ವಿಷಯಗಳ ಮೇಲಿನ ಕೆಲಸಕ್ಕೆ ಥೇಲರ್ ಅವರಿಗೆ 2017ರಲ್ಲಿ ನೊಬೆಲ್ ಬಂತು.

ಗೀಟು ಹಾಕಿದ ಬೆಲೆ ನಿಜವಾಗಿ ಎಂದಾದರೂ ಇತ್ತೇ? ಕೆಲವು ಕಡೆ ಸೇಲ್‌ಗೆ ಮುಂಚೆ ಬೆಲೆ ಏರಿಸಿ ಆಮೇಲೆ ಇಳಿಸುವುದು ಎಷ್ಟು ಹೆಚ್ಚಾಯಿತು ಅಂದರೆ ಕಾನೂನೇ ಬರಬೇಕಾಯಿತು. ಯುರೋಪಿಯನ್ ಒಕ್ಕೂಟದಲ್ಲಿ 2022ರ ಮೇ 28ರಿಂದ ಒಂದು ನಿಯಮ ಇದೆ. ರಿಯಾಯಿತಿ ಅಂತ ಬೋರ್ಡು ಹಾಕುವ ಅಂಗಡಿ, ಹಿಂದಿನ ಬೆಲೆಯಾಗಿ ಸಾಮಾನ್ಯವಾಗಿ ಕಳೆದ 30 ದಿನಗಳ ಅತಿ ಕಡಿಮೆ ಬೆಲೆಯನ್ನೇ ತೋರಿಸಬೇಕು. ನೀವು ಎಲ್ಲೇ ಇರಿ, ಈ 30 ದಿನದ ಲೆಕ್ಕವನ್ನು ನೀವೇ ಇಟ್ಟುಕೊಳ್ಳಬಹುದು. ಬೇಕಾದ ವಸ್ತುವಿನ ಬೆಲೆಯನ್ನು ಒಂದು ತಿಂಗಳು ಮೊದಲೇ ಫೋನಿನಲ್ಲಿ ಫೋಟೊ ತೆಗೆದಿಟ್ಟರೆ ಆಯಿತು. ಮಾದರಿಯ ಸಂಖ್ಯೆಯನ್ನೂ ಬರೆದುಕೊಳ್ಳಿ. ಸೇಲ್‌ಗೆಂದೇ ತಯಾರಾಗುವ ಟಿವಿಗಳು ಇರುತ್ತವೆ. ಹೆಸರು, ಗಾತ್ರ ಅದೇ. ಸಂಖ್ಯೆಯಲ್ಲಿ ಒಂದು ಅಕ್ಷರ ಬೇರೆ, ಒಳಗೆ ಸೌಲಭ್ಯ ಕಡಿಮೆ.

ಶೇಕಡಾವಾರು ಲೆಕ್ಕವೂ ಗಡಿಬಿಡಿಯಲ್ಲಿ ಮೋಸ ಮಾಡುತ್ತದೆ. "ಶೇ 50, ಮೇಲೆ ಇನ್ನೂ ಶೇ 20" ಅಂದರೆ ಶೇ 70 ಅಲ್ಲ. 100 ಇದ್ದದ್ದು 50 ಆಗುತ್ತದೆ, ಆ 50ರಲ್ಲಿ ಶೇ 20 ಅಂದರೆ 10 ಹೋಗಿ 40 ಉಳಿಯುತ್ತದೆ. ಒಟ್ಟು ಶೇ 60. "2 ಕೊಂಡರೆ 1 ಉಚಿತ" ಅಂದರೆ ಸುಮಾರು ಶೇ 33 ರಿಯಾಯಿತಿ, ಅದೂ ಮೂರು ಬೇಕಿದ್ದರೆ ಮಾತ್ರ. "ಶೇ 80ರವರೆಗೆ" ಎಂಬ ಬೋರ್ಡಿನಲ್ಲಿ "ವರೆಗೆ" ಎಂಬುದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಎಲ್ಲೋ ಒಂದು ಮೂಲೆಯಲ್ಲಿ ಒಂದೇ ವಸ್ತು ಶೇ 80ಕ್ಕೆ ಸಿಕ್ಕರೂ ಆ ಬೋರ್ಡು ನಿಜವೇ.

ವಸ್ತುವನ್ನು ಕೈಗೆತ್ತಿಕೊಂಡ ಮೇಲೆ ವಾಪಸ್ ಇಡುವುದು ಯಾಕೆ ಕಷ್ಟ ಎನ್ನುವುದಕ್ಕೂ ಉತ್ತರ ಇದೆ. ಸಂಶೋಧಕರಾದ ಜೋನ್ ಪೆಕ್ ಮತ್ತು ಸುಝಾನ್ ಶು 2009ರಲ್ಲಿ ತೋರಿಸಿದಂತೆ, ಮುಟ್ಟಿದ ಮಾತ್ರಕ್ಕೇ ಅದು ನಮ್ಮದು ಎಂಬ ಭಾವನೆ ಮೂಡುತ್ತದೆ. ಟ್ರಾಲಿಗೆ ಹಾಕಿಕೊಂಡು ಒಂದು ಗಂಟೆ ತಿರುಗಾಡಿದ ಮೇಲಂತೂ ಅದನ್ನು ಬಿಡುವುದು ಕಳೆದುಕೊಂಡಂತೆಯೇ ಅನಿಸುತ್ತದೆ. ಆದ್ದರಿಂದ ಬೇಕೋ ಬೇಡವೋ ಅನ್ನುವ ಪ್ರಶ್ನೆಯನ್ನು ಮುಟ್ಟುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಆನ್‌ಲೈನ್ ಸೇಲ್‌ನಲ್ಲೂ ಇವೇ ನಡೆಯುತ್ತವೆ. ಇಳಿಯುತ್ತಾ ಹೋಗುವ ಗಡಿಯಾರ ಬಾಗಿಲಿನ ಕೆಲಸ ಮಾಡುತ್ತದೆ. "ಇನ್ನು 2 ಮಾತ್ರ ಉಳಿದಿವೆ" ಎನ್ನುವುದು ಜಾಡಿಯ ಕೆಲಸ ಮಾಡುತ್ತದೆ. ಒಂದು ವಿಷಯ ಮಾತ್ರ ನೆನಪಿರಲಿ. ಬಹಳಷ್ಟು ಆನ್‌ಲೈನ್ ಅಂಗಡಿಗಳಲ್ಲಿ ಕಾರ್ಟ್‌ಗೆ ಹಾಕಿದ ಮಾತ್ರಕ್ಕೆ ಮಾಲು ನಿಮಗಾಗಿ ಕಾದಿರುವುದಿಲ್ಲ. ಹಣ ಕಟ್ಟಿದವರಿಗೇ ಅದು ಹೋಗುತ್ತದೆ.

ಇನ್ನು ಬಾಗಿಲಿನ ಬಳಿಯ ಗುಂಪು. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಇಲ್ಲಿ ಹೋಗುವುದು ಬರೀ ದುಡ್ಡಲ್ಲ.

2008ರ ನವೆಂಬರ್ 28ರ ನಸುಕಿನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ವ್ಯಾಲಿ ಸ್ಟ್ರೀಮ್‌ನಲ್ಲಿದ್ದ ಒಂದು ವಾಲ್‌ಮಾರ್ಟ್ ಮಳಿಗೆಯ ಮುಂದೆ ಸುಮಾರು 2000 ಜನ ಸೇರಿದ್ದರು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಅದು, ಅಲ್ಲಿ ವರ್ಷದ ಅತಿ ದೊಡ್ಡ ಸೇಲ್ ದಿನಗಳಲ್ಲಿ ಒಂದು. ಬಾಗಿಲು ತೆಗೆಯುವ ಹೊತ್ತಿಗೆ ಹಿಂದಿನ ಒತ್ತಡಕ್ಕೆ ಬಾಗಿಲುಗಳೇ ಮುರಿದವು. ಅಲ್ಲಿದ್ದ ಒಬ್ಬ ಕೆಲಸಗಾರ ಕೆಳಗೆ ಬಿದ್ದರು, ಉಸಿರುಗಟ್ಟಿ ತೀರಿಕೊಂಡರು. ವಯಸ್ಸು 34.

ಜನ ಅವರನ್ನು ಬೇಕೆಂದು ತುಳಿದರು ಅಂತ ತುಂಬಾ ಮಂದಿ ನಂಬಿದರು. ಗುಂಪುಗಳ ಬಗ್ಗೆ ಅಧ್ಯಯನ ಮಾಡಿದವರು ಬೇರೆಯದನ್ನೇ ಹೇಳುತ್ತಾರೆ. ಒಂದು ಚದರ ಮೀಟರ್ ಜಾಗದಲ್ಲಿ 2–3 ಜನ ಇದ್ದರೆ ಪ್ರತಿಯೊಬ್ಬರೂ ತಮ್ಮ ಇಷ್ಟದಂತೆ ಹೆಜ್ಜೆ ಇಡಬಹುದು. 5 ದಾಟಿದರೆ ಅಪಾಯ ಶುರು. ಸುಮಾರು 7 ಜನ ಆದಾಗ ಗುಂಪು ದ್ರವದಂತೆ ವರ್ತಿಸುತ್ತದೆ ಎಂದು ಜಾನ್ ಫ್ರುಯಿನ್ ಎಂಬ ಎಂಜಿನಿಯರ್ 1993ರಲ್ಲಿ ಬರೆದರು. ಒಂದು ಕಡೆಯ ತಳ್ಳು ಅಲೆಯಾಗಿ ಇನ್ನೊಂದು ಕಡೆಗೆ ಹರಿಯುತ್ತದೆ, ನಡುವೆ ನಿಂತವರ ಕಾಲು ನೆಲ ಬಿಡುತ್ತದೆ. ಅಲ್ಲಿ ಯಾರ ಇಚ್ಛೆಗೂ ಬೆಲೆ ಇಲ್ಲ. ಹಲವರ ತಳ್ಳು ಒಂದರ ಮೇಲೊಂದು ಸೇರಿದಾಗ ಉಕ್ಕಿನ ಕಂಬಿಗಳೂ ಬಾಗಿವೆ. ಇಂಥ ಕಡೆ ಸಾವು ಬರುವುದು ಹೆಚ್ಚಾಗಿ ತುಳಿತದಿಂದಲ್ಲ. ಎದೆ ಒತ್ತಿಹೋಗಿ ಉಸಿರು ಎಳೆದುಕೊಳ್ಳಲು ಆಗದೆ ಬರುತ್ತದೆ. ನಿಂತಲ್ಲೇ ಸತ್ತವರೂ ಇದ್ದಾರೆ.

ಇದರಲ್ಲಿ ನನ್ನನ್ನು ಹೆಚ್ಚು ಕಲಕುವ ಸಂಗತಿ ಇನ್ನೊಂದಿದೆ. ಹಿಂದೆ ನಿಂತವರಿಗೆ ಮುಂದೆ ಏನಾಗುತ್ತಿದೆ ಅಂತ ಕಾಣುವುದೇ ಇಲ್ಲ. ಅವರಿಗೆ ತಿಳಿಯುವುದು ಇಷ್ಟೇ: ಬಾಗಿಲು ತೆಗೆಯಿತು, ಮುಂದಿನವರು ಸರಿದರು, ನಾವೂ ಒಂದು ಹೆಜ್ಜೆ ಇಡಬಹುದು. ಸಾವಿರ ಜನ ಮರ್ಯಾದೆಯಿಂದಲೇ ಒಂದೊಂದು ಹೆಜ್ಜೆ ಇಟ್ಟರೂ ಮುಂದಿರುವವರ ಪಕ್ಕೆಲುಬಿನ ಮೇಲೆ ಅದರ ಭಾರ ಬೀಳುತ್ತದೆ. ತಳ್ಳುವವರಲ್ಲಿ ಕೆಟ್ಟವರು ಒಬ್ಬರೂ ಇರಬೇಕಿಲ್ಲ.

ಆ ಸಾವಿನ ನಂತರ ಅಮೆರಿಕದ ಕೆಲಸದ ಸ್ಥಳದ ಸುರಕ್ಷತಾ ಇಲಾಖೆ ಅಂಗಡಿಗಳಿಗೆ ಸೂಚನೆಗಳನ್ನು ಹೊರಡಿಸಿತು. ಓದಿದರೆ ಎಲ್ಲವೂ ತೀರಾ ಸರಳ. ಸಾಲಿಗೆ ಕಟಾಂಜನ ಹಾಕಿ, ಆದರೆ ಅದು ಬಾಗಿಲಿಗೆ ಅಂಟಿಕೊಂಡೇ ಶುರುವಾಗಬಾರದು. ಮಧ್ಯೆ ಬಿಡುವು, ತಿರುವು ಇರಲಿ, ಆಗ ಹಿಂದಿನ ಒತ್ತಡ ನೇರವಾಗಿ ಮುಂದೆ ಬರುವುದಿಲ್ಲ. ಬಂದ ಕ್ರಮದಲ್ಲಿ ಟೋಕನ್ ಅಥವಾ ಕೈಪಟ್ಟಿ ಕೊಡಿ. ಟ್ರಾಲಿಗಳನ್ನು ಬಾಗಿಲ ಬಳಿಯಿಂದ ದೂರ ಇಡಿ. ಹೊರಹೋಗುವ ಬಾಗಿಲು ಮುಚ್ಚಬೇಡಿ. ಕಾಯುತ್ತಿರುವವರಿಗೆ ಏನು ನಡೆಯುತ್ತಿದೆ ಅಂತ ಹೇಳುತ್ತಾ ಇರಿ. ಟೋಕನ್ ಒಂದೇ ಎಷ್ಟು ಕೆಲಸ ಮಾಡುತ್ತದೆ ನೋಡಿ. ಕೈಯಲ್ಲಿ 14ನೇ ನಂಬರ್ ಇದ್ದರೆ ಓಡುವುದಕ್ಕೆ ಕಾರಣವೇ ಇಲ್ಲ. 20 ಟಿವಿ ಇದ್ದು ನಿಮಗೆ 300ನೇ ನಂಬರ್ ಸಿಕ್ಕರೆ ಆಗಲೇ ಮನೆಗೆ ಹೋಗಿ ಮಲಗಬಹುದು. ಆಸೆ ಅಷ್ಟೇ ಇದೆ, ಗುಂಪು ಇಲ್ಲ.

ಅಂಥ ವ್ಯವಸ್ಥೆ ಇಲ್ಲದ ಕಡೆ ಸಿಕ್ಕಿಹಾಕಿಕೊಂಡರೆ ಒಂದೆರಡು ವಿಷಯ ಜೀವ ಉಳಿಸುತ್ತವೆ. ಎರಡೂ ಕೈ ಎದೆಯ ಮುಂದೆ ಮಡಚಿ ಹಿಡಿಯಿರಿ, ಉಸಿರಾಟಕ್ಕೆ ಜಾಗ ಉಳಿಯುತ್ತದೆ. ಏನು ಬಿದ್ದರೂ ಬಗ್ಗಬೇಡಿ. ಅಲೆಗೆ ಎದುರು ತಳ್ಳಬೇಡಿ. ಅಲೆ ನಿಂತ ಕ್ಷಣದಲ್ಲಿ ಓರೆಯಾಗಿ ಅಂಚಿನ ಕಡೆಗೆ ಸರಿಯಿರಿ. ಸುತ್ತ ಎಲ್ಲ ಕಡೆಯಿಂದಲೂ ಮೈ ತಾಗುತ್ತಿದೆ ಅನಿಸಿದರೆ ಆಗಲೇ ಹೊರಡುವ ಹೊತ್ತಾಗಿದೆ. ಮಕ್ಕಳಿದ್ದರೆ ಅದಕ್ಕೂ ಮೊದಲೇ.

ಒಳಗೆ ಹೋಗಿ, ಬೇಕಾದ್ದು ಸಿಕ್ಕಿತು ಅನ್ನೋಣ. ಕೊನೆಗೆ ಬಿಲ್ಲಿಂಗ್ ಕ್ಯೂ. ಹೆಚ್ಚಿನವರ ತಾಳ್ಮೆ ಕೆಡುವುದು ಇಲ್ಲೇ. ಇದರ ಹಿಂದೆ ಒಂದು ಚಂದದ ಗಣಿತ ಇದೆ. ಡೆನ್ಮಾರ್ಕಿನ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಆಗ್ನರ್ ಎರ್ಲಾಂಗ್ 1909ರಲ್ಲಿ ಇದಕ್ಕೆ ಅಡಿಪಾಯ ಹಾಕಿದರು. ಅವರ ಮುಂದಿದ್ದದ್ದು ಫೋನ್ ಕರೆಗಳು. ಲೆಕ್ಕ ಮಾತ್ರ ಅಂಗಡಿಗೂ ಅದೇ.

ಒಂದು ಕೌಂಟರ್ ಇದೆ ಅಂದುಕೊಳ್ಳಿ. ಒಬ್ಬರ ಬಿಲ್ಲಿಗೆ ಸರಾಸರಿ 3 ನಿಮಿಷ. ಅಂದರೆ ಗಂಟೆಗೆ 20 ಜನರನ್ನು ಕಳಿಸಬಹುದು. ಗಂಟೆಗೆ 16 ಜನ ಬರುತ್ತಿದ್ದರೆ ಸಾಲಿನಲ್ಲಿ ಸರಾಸರಿ 12 ನಿಮಿಷ ಕಾಯಬೇಕಾಗುತ್ತದೆ. 18 ಜನ ಬಂದರೆ ಅದು 27 ನಿಮಿಷ. 19 ಜನ ಬಂದರೆ 57 ನಿಮಿಷ! ಒಬ್ಬರು ಹೆಚ್ಚಾದದ್ದಕ್ಕೆ ಕಾಯುವ ಹೊತ್ತು ಎರಡರಷ್ಟಕ್ಕಿಂತ ಜಾಸ್ತಿಯಾಯಿತು. 20 ಜನ ಬರತೊಡಗಿದರೆ ಸಾಲು ಬೆಳೆಯುತ್ತಲೇ ಹೋಗುತ್ತದೆ, ಅದಕ್ಕೆ ಕೊನೆಯಿಲ್ಲ.

ಯಾಕೆ ಹೀಗೆ? ಜನ ಗಡಿಯಾರ ನೋಡಿಕೊಂಡು 3 ನಿಮಿಷಕ್ಕೊಬ್ಬರಂತೆ ಬರುವುದಿಲ್ಲ. ಒಮ್ಮೆ ಐದು ಜನ ಒಟ್ಟಿಗೆ ಬರುತ್ತಾರೆ, ಇನ್ನೊಮ್ಮೆ ಯಾರೂ ಇರುವುದಿಲ್ಲ. ಒಬ್ಬರ ಬಿಲ್ 1 ನಿಮಿಷದಲ್ಲಿ ಮುಗಿದರೆ ಇನ್ನೊಬ್ಬರ ಕಾರ್ಡ್ ನಡೆಯದೆ 8 ನಿಮಿಷ ಹಿಡಿಯುತ್ತದೆ. ಖಾಲಿ ಕೂತ ನಿಮಿಷವನ್ನು ಕೌಂಟರ್ ಕೂಡಿಡಲಾರದು, ಅದು ಹೋಯಿತು ಅಂದರೆ ಹೋಯಿತು. ಆದರೆ ರಶ್ ಆದಾಗ ಸೇರಿದ ಸಾಲು ಮಾತ್ರ ಹಾಗೇ ಉಳಿಯುತ್ತದೆ. ಕೌಂಟರ್‌ಗೆ ಬಿಡುವು ಕಡಿಮೆಯಾದಷ್ಟೂ ಆ ಸಾಲನ್ನು ಕರಗಿಸುವ ಅವಕಾಶವೂ ಕಡಿಮೆಯಾಗುತ್ತದೆ.

ಪರಿಹಾರವೂ ಇದೇ ಗಣಿತದಲ್ಲಿದೆ. ಗಂಟೆಗೆ 19 ಜನ ಬರುವ ಕಡೆ ಎರಡನೇ ಕೌಂಟರ್ ತೆಗೆದು, ಎರಡಕ್ಕೂ ಸೇರಿ ಒಂದೇ ಸಾಲು ಮಾಡಿದರೆ 57 ನಿಮಿಷದ ಕಾಯುವಿಕೆ 1 ನಿಮಿಷಕ್ಕಿಂತ ಕೆಳಗೆ ಬರುತ್ತದೆ. ಅರ್ಧಕ್ಕೆ ಇಳಿದೀತು ಎಂದು ನಾವು ಅಂದಾಜು ಮಾಡುತ್ತೇವೆ ಅಲ್ವಾ? ಅದಕ್ಕೇ ಸೇಲ್ ದಿನ ಮುಚ್ಚಿದ ಕೌಂಟರ್ ಕಂಡರೆ ನನಗೆ ನೋವಾಗುತ್ತದೆ. ಅಲ್ಲಿ ಇನ್ನೊಬ್ಬರನ್ನು ಕೂರಿಸಿದ್ದರೆ ನೂರಾರು ಜನರ ಗಂಟೆಗಳು ಉಳಿಯುತ್ತಿದ್ದವು.

ಪಕ್ಕದ ಸಾಲೇ ಯಾವಾಗಲೂ ಬೇಗ ಹೋಗುತ್ತದೆ ಅನ್ನುವುದು ಹಣೆಬರಹವೇನಲ್ಲ. ನಿಮ್ಮದೂ ಸೇರಿ ಮೂರು ಸಾಲು ಇದ್ದರೆ, ನಿಮ್ಮದೇ ಎಲ್ಲಕ್ಕಿಂತ ಬೇಗ ಹೋಗುವ ಸಾಧ್ಯತೆ ಮೂರರಲ್ಲಿ ಒಂದು. ಉಳಿದ ಎರಡು ಪಾಲು ಯಾವುದೋ ಪಕ್ಕದ ಸಾಲಿನದು. ಒಂದೇ ಸಾಲು ಮಾಡಿದರೆ ಈ ಸಂಕಟವೂ ಇಲ್ಲ, ಮೊದಲು ಬಂದವರೇ ಮೊದಲು ಹೋಗುತ್ತಾರೆ. ಇನ್ನೆಷ್ಟು ಹೊತ್ತು ಎಂದು ತಿಳಿಯಲು ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿದ ಒಂದು ಸರಳ ಸೂತ್ರ ಸಾಕು. ನಿಮ್ಮ ಮುಂದಿರುವವರನ್ನು ಎಣಿಸಿ. ನಿಮಿಷಕ್ಕೆ ಎಷ್ಟು ಜನ ಹೊರಗೆ ಹೋಗುತ್ತಿದ್ದಾರೆ ನೋಡಿ. ಮುಂದೆ 24 ಜನ ಇದ್ದು, ನಿಮಿಷಕ್ಕೆ 2 ಜನ ಹೋಗುತ್ತಿದ್ದರೆ 12 ನಿಮಿಷ. ಹೊತ್ತು ಗೊತ್ತಾದರೆ ಕಾಯುವುದು ಅಷ್ಟು ಕಷ್ಟವಾಗುವುದಿಲ್ಲ.

ಕೌಂಟರ್‌ನ ಆ ಕಡೆ ನಿಂತವರ ಲೆಕ್ಕವೂ ಇದರಲ್ಲೇ ಇದೆ. ಗಂಟೆಗೆ 19 ಜನ, ತಲಾ 3 ನಿಮಿಷ. ಅಂದರೆ 57 ನಿಮಿಷ ಕೆಲಸ, 3 ನಿಮಿಷ ಬಿಡುವು. ನೀರು ಕುಡಿಯುವುದು, ಕಾಲು ಚಾಚುವುದು, ಬೈಗುಳ ತಿಂದ ಮೇಲೆ ಸಾವರಿಸಿಕೊಳ್ಳುವುದು ಎಲ್ಲ ಆ 3 ನಿಮಿಷದಲ್ಲೇ ಆಗಬೇಕು. ಮಾಲು ಎಷ್ಟು ತರಿಸಬೇಕು ಅಂತ ತೀರ್ಮಾನ ಮಾಡಿದವರು ಅವರಲ್ಲ, ಪಕ್ಕದ ಕೌಂಟರ್ ಮುಚ್ಚಿದವರೂ ಅವರಲ್ಲ. ಆದರೆ ಬೈಗುಳ ಬೀಳುವುದು ಅವರಿಗೇ.

ಅವರ ಕೆಲಸ ಹಗುರ ಮಾಡುವುದು ನಮ್ಮ ಕೈಯಲ್ಲೂ ಸ್ವಲ್ಪ ಇದೆ. ಹ್ಯಾಂಗರ್ ಮೊದಲೇ ತೆಗೆದು, ಬಾರ್‌ಕೋಡ್ ಮೇಲೆ ಬರುವಂತೆ ಇಡಿ. ಕೂಪನ್ ಇದ್ದರೆ ಫೋನಿನಲ್ಲಿ ತೆರೆದಿಟ್ಟುಕೊಳ್ಳಿ. ಬೆಲೆಯ ಅನುಮಾನ ಇದ್ದರೆ ಸಾಲಿಗೆ ಸೇರುವ ಮೊದಲೇ ಕೇಳಿ. ಪ್ರತಿಯೊಬ್ಬರೂ ಹೀಗೆ ಅರ್ಧ ನಿಮಿಷ ಉಳಿಸಿ, 3 ನಿಮಿಷದ ಬಿಲ್ಲನ್ನು ಎರಡೂವರೆ ನಿಮಿಷಕ್ಕೆ ತಂದರೆ, ಅದೇ 19 ಜನರ ಸಾಲಿನಲ್ಲಿ ಸರಾಸರಿ ಕಾಯುವ ಹೊತ್ತು 57 ನಿಮಿಷದಿಂದ ಹತ್ತು ನಿಮಿಷದೊಳಗೆ ಇಳಿಯುತ್ತದೆ. ಕೌಂಟರ್‌ನಲ್ಲಿ ಇರುವವರಿಗೆ ಗಂಟೆಗೆ 3 ನಿಮಿಷದ ಬದಲು 12 ನಿಮಿಷಕ್ಕಿಂತ ಹೆಚ್ಚು ಬಿಡುವು ಸಿಗುತ್ತದೆ.